ಮೊಳಗುವ ಬಂಡೆಗಳು

ಗಡಿಗೆ ಕೊಳ್ಳುವ ಮೊದಲು ಹಿರಿಯರು ಅದನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದನ್ನು ನೀವು ಕಂಡಿರಬಹುದು. ‘ಟಣ್’ ಎಂದರೆ ಗಡಿಗೆ ಗಟ್ಟಿ. ‘ಬದ್’ ಎಂದರೆ ಎಲ್ಲೋ ಸೀಳಿದೆ. ಇದೇ ಪರೀಕ್ಷೆಯನ್ನು ಬಂಡೆಗೆ ಮಾಡಿದರೆ? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸುತ್ತ ಬಂಡೆಗಳಿಗೇನೂ ಬರವಿಲ್ಲ. ಬಡಿದರೆ ಬಹುತೇಕ ಎಲ್ಲವೂ ಮೂಕ.

ಚಲನಚಿತ್ರಗಳಿಗೆ ಧ್ವನಿ ವಿನ್ಯಾಸ ಮಾಡಲು ಕಲಿಯುವವರು ಇಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಆದರೂ ಅವರ ಮೊದಲ ಪ್ರಶ್ನೆಗಳು ಹಳೆಯವೇ: ಯಾವ ವಸ್ತು? ಎಲ್ಲಿ ಬಡಿಯಬೇಕು? ಯಾವುದರಿಂದ ಬಡಿಯಬೇಕು? ಈ ಪ್ರಶ್ನೆಗಳಿಗೆ ನಮ್ಮ ಸೀಮೆಯ ದನಗಾಹಿಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರೆಂದು ತೋರುತ್ತದೆ.

ಮೊದಲು ಮಸ್ಕಿಯ ವಿಚಾರ. ಇಲ್ಲಿನ ಬಂಡೆಯ ಮೇಲಿದ್ದ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದರು. ‘ಅಶೋಕ’ ಎಂಬ ಹೆಸರೇ ಅದರಲ್ಲಿದ್ದುದರಿಂದ ಮಸ್ಕಿ ಪ್ರಸಿದ್ಧವಾಯಿತು. ಶಾಸನವೆಂದರೆ ಓದುವ ವಸ್ತು ಎಂದು ನಾವು ತಿಳಿಯುತ್ತೇವೆ. ಆದರೆ ಕರ್ನೂಲು ಸೀಮೆಯ ಎರ್ರಗುಡಿಯ ಶಾಸನದಲ್ಲಿ, ಅಧಿಕಾರಿಯು ಭೇರಿಯ ಮೂಲಕ ಜನಪದರಿಗೆ ಆಜ್ಞೆ ತಿಳಿಸಬೇಕೆಂಬ ಸೂಚನೆಯಿದೆ. ಜನರಿಗೆ ರಾಜಾಜ್ಞೆ ಕಿವಿಯಿಂದಲೇ ತಲಪುತ್ತಿತ್ತು.

ಭೇರಿಗಿಂತ ಹಳೆಯದು ಕಲ್ಲಿನ ದನಿ ಇರಬಹುದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ನಡೆಸಿ, ದನ ಸಾಕುತ್ತಿದ್ದ ನವಶಿಲಾಯುಗದವರ ನೆಲೆಯನ್ನು ಬೆಳಕಿಗೆ ತಂದರು. ಅಲ್ಲಿನ ಬಂಡೆಗಳ ಮೇಲೂ ಚಿತ್ರಗಳಿವೆ. ಅದೇ ಸಂಸ್ಕೃತಿಯ ಇನ್ನೊಂದು ನೆಲೆ, ತುಂಗಭದ್ರೆಯ ಆಚೆ, ಬಳ್ಳಾರಿ ಹತ್ತಿರದ ಕುಪ್ಪಗಲ್ಲು. ಇಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಶಿಲೆಯ ಒಂದು ಸಾಲು ಹಾದುಹೋಗಿದೆ. ಅದರ ಮೇಲೆ ಉದ್ದ ಕೊಂಬಿನ ದನಗಳ ಸಾವಿರಾರು ಗೀರುಚಿತ್ರಗಳು. ನಡುನಡುವೆ ಕೆಲವು ಬಂಡೆಗಳಲ್ಲಿ ನುಣುಪಾದ ಕುಳಿಗಳು. ಆ ಕುಳಿಗಳಲ್ಲಿ ಗುಂಡುಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯಂತೆ ಮೊಳಗುತ್ತದೆ.

1892ರಲ್ಲೇ ಫಾಸೆಟ್ ಎಂಬವರು ಇದನ್ನು ವರದಿ ಮಾಡಿದ್ದರು. ಅನಂತರ ನೆಲೆಯ ಗುರುತು ವಿದ್ವಾಂಸರಿಗೆ ತಪ್ಪಿಹೋಯಿತು. ಅದನ್ನು ಮತ್ತೆ ಕೂಲಂಕಷವಾಗಿ ಪರಿಶೀಲಿಸಿ ನಿಕೋಲ್ ಬಾಯ್ವಿನ್ ಪ್ರಬಂಧ ಪ್ರಕಟಿಸಿದ್ದು 2004ರಲ್ಲಿ. ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಈ ನೆಲೆಗಳ ಸಂಶೋಧನೆಯಲ್ಲಿ ಪಾಲುಗೊಂಡವರು.

ಎಲ್ಲ ಬಂಡೆಗಳೂ ಏಕೆ ಮೊಳಗುವುದಿಲ್ಲ? ಪೆಟ್ಟು ಬಿದ್ದಾಗ ಯಾವ ಕಲ್ಲಾದರೂ ಕಂಪಿಸುತ್ತದೆ. ಆ ಕಂಪನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಮುಖ್ಯ. ದಪ್ಪ ಹರಳಿನ, ಬಿರುಕು ಬಿಟ್ಟ ಗ್ರಾನೈಟಿನಲ್ಲಿ ಶಕ್ತಿಯು ಬಿರುಕುಗಳ ಘರ್ಷಣೆಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಡಾಲರೈಟಿನ ಕಣಗಳು ಸಣ್ಣವು, ಒತ್ತಾಗಿ ಹೆಣೆದುಕೊಂಡಿರುವಂಥವು. ಇಷ್ಟೇ ಸಾಲದು. ಮಣ್ಣಿನಲ್ಲಿ ಹೂತ ಬಂಡೆಯ ಕಂಪನವನ್ನು ನೆಲ ಹೀರಿಕೊಳ್ಳುತ್ತದೆ. ಬೇರೆ ಬಂಡೆಗಳ ಮೇಲೆ ಎರಡು ಮೂರು ಬಿಂದುಗಳಲ್ಲಷ್ಟೇ ಆತು ನಿಂತದ್ದು ಮಾತ್ರ ದನಿಗೊಡುತ್ತದೆ.

ಆದರೆ ಒಂದು ಎಚ್ಚರ ಬೇಕು. ಚಿತ್ರಗಳಲ್ಲಿ ಹಲವು ನವಶಿಲಾಯುಗದವು (ಸುಮಾರು ಕ್ರಿ.ಪೂ. 3000–1200) ಎನ್ನಲು ಆಧಾರಗಳಿವೆ. ಕುಳಿಗಳ ಕಾಲವನ್ನು ಮಾತ್ರ ನೇರವಾಗಿ ಅಳೆಯಲಾಗದು. ಮುಂದಿನ ಯಾವ ತಲೆಮಾರಿನವರಾದರೂ ಬಡಿದಿರಬಹುದು. ದನಗಳ ಚಿತ್ರಗಳ ಪಕ್ಕದಲ್ಲೇ ನಾದದ ಬಂಡೆಗಳಿರುವುದು ಬಲವಾದ ಸುಳಿವು, ಅಷ್ಟೆ. ಇನ್ನೂ ಹೆಚ್ಚು ತಿಳಿಯಬೇಕಾದರೆ ಬಂಡೆಗಳು ಇದ್ದಲ್ಲೇ ಇರಬೇಕು. ಕಲ್ಲುಗಣಿಗಾರಿಕೆಯಿಂದ ಗುಡ್ಡದ ಒಂದಷ್ಟು ಭಾಗ ಆಗಲೇ ಹಾಳಾಗಿತ್ತು. ಜಲ್ಲಿಗೆ ಒಡೆದ ಬಂಡೆಯನ್ನು ಯಾವ ವಸ್ತುಸಂಗ್ರಹಾಲಯವೂ ಮತ್ತೆ ಮೊಳಗಿಸಲಾರದು.

ಹಾಗಾಗಿ ಪ್ರಾಚೀನ ಬಂಡೆಗಳನ್ನು ಬಡಿಯಲು ಹೋಗದೆ, ಶಾಲೆಯಲ್ಲೇ ಶಹಾಬಾದ್ ಕಲ್ಲಿನ ಕಿರಿದಾದ ಪಟ್ಟಿಯೊಂದನ್ನು ತೆಗೆದುಕೊಳ್ಳಿ. ಉದ್ದ 60 ಸೆಂ.ಮೀ., ದಪ್ಪ 2.5 ಸೆಂ.ಮೀ. ಇರಲಿ. ಎರಡೂ ತುದಿಗಳಿಂದ ಸುಮಾರು 13.5 ಸೆಂ.ಮೀ. ಒಳಗೆ ಹಗ್ಗದ ಸುರುಳಿಗಳನ್ನಿಟ್ಟು ಅದರ ಮೇಲೆ ಪಟ್ಟಿಯನ್ನು ಮಲಗಿಸಿ, ನಡುವೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಲ್ಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 5000 ಮೀಟರ್ ಎಂದಿಟ್ಟುಕೊಂಡರೆ ಆವೃತ್ತಿ ಸುಮಾರು 350 ಹರ್ಟ್ಸ್ ಬರಬೇಕು, ಮೊಬೈಲಿನಲ್ಲಿ ಅಳೆಯಬಹುದು. ಅರ್ಧ ಉದ್ದದ ಪಟ್ಟಿಯಿಂದ, ತಂತಿಯಲ್ಲಾಗುವಂತೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆವೃತ್ತಿ ಬರುತ್ತದೆ. ಇನ್ನು ಹಗ್ಗಗಳನ್ನು ಪಟ್ಟಿಯ ನಡುಭಾಗಕ್ಕೆ ಸರಿಸಿ ಮತ್ತೆ ತಟ್ಟಿ: ಅದೇ ಕಲ್ಲು, ಅದೇ ಸುತ್ತಿಗೆ, ದನಿ ಮಾತ್ರ ‘ಬದ್’.