ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಪರಾಮರ್ಶನ ಪಟ್ಟಿಯ ಪುಸ್ತಕಗಳ ಬಳಕೆಯ ಮಾಪನ: ಮಲೆನಾಡು ಭಾಗದ ವಿದ್ಯಾರ್ಥಿಗಳಿಗೆ ಮಾಹಿತಿ

ವಿಶ್ವವಿದ್ಯಾಲಯಗಳು ಪ್ರತಿಯೊಂದು ವಿಷಯದ ಪಠ್ಯಕ್ರಮದ ಕೊನೆಯಲ್ಲಿ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು ನೀಡುತ್ತವೆ. ಸದರಿ ಪಟ್ಟಿಯ ಪುಸ್ತಕಗಳನ್ನು ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಬಳಸುತ್ತಿದ್ದಾರೆ ಎಂಬುದನ್ನು ಗ್ರಂಥಾಲಯದ ಗಣಕೀಕೃತ ದಾಖಲೆಗಳಿಂದ ಲೆಕ್ಕಹಾಕುವ ಕಾರ್ಯವೇ ಬಳಕೆ ವಿಶ್ಲೇಷಣೆ. ಯಾವ ಪುಸ್ತಕದ ಹೆಚ್ಚುವರಿ ಪ್ರತಿಗಳನ್ನು ಖರೀದಿಸಬೇಕು, ಯಾವುದನ್ನು ಕಪಾಟಿನಿಂದ ತೆಗೆಯಬಹುದು ಎಂಬ ತೀರ್ಮಾನಗಳಿಗೆ ಈ ಲೆಕ್ಕವು ಆಧಾರವಾಗುತ್ತದೆ. ಆದುದರಿಂದ ತನ್ನ ಓದು ಲೆಕ್ಕಕ್ಕೆ ಸೇರುತ್ತಿದೆಯೇ ಇಲ್ಲವೇ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರುವುದು ಅವಶ್ಯಕ.

ಗ್ರಂಥಾಲಯದ ಯೋಗ್ಯತೆಯನ್ನು ಸಂಗ್ರಹದ ಗಾತ್ರಕ್ಕಿಂತ ಬಳಕೆಯಿಂದ ಅಳೆಯಬೇಕೆಂಬ ವಿಚಾರ ಹೊಸದಲ್ಲ. ಡಾ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಬಳಕೆಗೆ ಸಂಬಂಧಿಸಿದ್ದು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ಅವರ ಕಾಲದಲ್ಲಿ ಎರವಲು ಚೀಟಿಗಳನ್ನು ಎಣಿಸಲಾಗುತ್ತಿತ್ತು. ಈಗ ಬಾರ್‌ಕೋಡ್ ಎಣಿಸುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಸ್ಥಿತಿ

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿವೆ. ಅದರ ಕೇಂದ್ರ ಗ್ರಂಥಾಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಹೇಮಾವತಿ ನದಿಯ ಉಗಮಸ್ಥಾನವೆಂದು ಹೆಸರಾದ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಪದವಿ ವಿದ್ಯಾರ್ಥಿಗೆ ಆ ಗ್ರಂಥಾಲಯ ನಿತ್ಯದ ಮಾತಲ್ಲ. ಮೂಡಿಗೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂತಹ ಸಂಯೋಜಿತ ಕಾಲೇಜಿನ ಗ್ರಂಥಾಲಯವೇ ಆತನಿಗೆ ಆಧಾರ. ಪಟ್ಟಿ ವಿಶ್ವವಿದ್ಯಾಲಯದ್ದು, ಪುಸ್ತಕ ಕಾಲೇಜಿನದು. ಎರಡೂ ಕಡೆಯ ಬಳಕೆಯ ಲೆಕ್ಕಗಳನ್ನು ಕೂಡಿಸಿ ನೋಡದ ಹೊರತು ಪಟ್ಟಿಯ ನಿಜವಾದ ಬಳಕೆ ತಿಳಿಯುವುದಿಲ್ಲ. ಮೂಡಿಗೆರೆಯಲ್ಲಿಯೇ ಇರುವ ತೋಟಗಾರಿಕೆ ಮಹಾವಿದ್ಯಾಲಯವು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿಯ ಪಟ್ಟಿ ಹಾಗೂ ಲೆಕ್ಕ ಪ್ರತ್ಯೇಕವಾಗಿವೆ.

ಲೆಕ್ಕಕ್ಕೆ ಸೇರುವುದು, ಸೇರದಿರುವುದು

ಎರವಲು ಪಡೆದ ಪುಸ್ತಕವು ತಂತ್ರಾಂಶದಲ್ಲಿ ತಾನಾಗಿಯೇ ದಾಖಲಾಗುತ್ತದೆ. ಆದರೆ ಪರಾಮರ್ಶನ ಪಟ್ಟಿಯ ಅನೇಕ ಪುಸ್ತಕಗಳನ್ನು ಎರವಲು ನೀಡದೆ ವಾಚನಾಲಯದಲ್ಲಿಯೇ ಓದಲು ಇರಿಸಲಾಗಿರುತ್ತದೆ. ಅವು ದಿನವಿಡೀ ಕೈಯಿಂದ ಕೈಗೆ ಹೋದರೂ ಎರವಲು ಕಡತದಲ್ಲಿ ಅವುಗಳ ಮುಂದೆ ಸೊನ್ನೆಯೇ ಇರುತ್ತದೆ. ಕೋಹಾದಂತಹ ಗ್ರಂಥಾಲಯ ತಂತ್ರಾಂಶಗಳಲ್ಲಿ ಒಳಬಳಕೆಯನ್ನು ದಾಖಲಿಸಲು ಅವಕಾಶವಿದೆ. ಮೇಜಿನ ಮೇಲೆ ಉಳಿದ ಪುಸ್ತಕಗಳ ಬಾರ್‌ಕೋಡನ್ನು ಸಿಬ್ಬಂದಿಯು ಸಂಜೆ ಓದಿಸಿದರೆ ಸಾಕು. ಓದಿದ ಪುಸ್ತಕವನ್ನು ತಾವೇ ಕಪಾಟಿಗೆ ಹಿಂತಿರುಗಿಸದಂತೆ ಹಲವೆಡೆ ಫಲಕ ಹಾಕಿರುವುದರ ಒಂದು ಕಾರಣ ಇದೇ. ಆ ಫಲಕವನ್ನು ಯಾರೂ ಗಮನಿಸುವುದಿಲ್ಲವೆಂಬುದು ಬೇರೆ ಮಾತು.

ಎರವಲು ಸಂಖ್ಯೆಯನ್ನು ಓದುವಾಗಲೂ ಎಚ್ಚರ ಅಗತ್ಯ. ಉದಾಹರಣೆಗೆ, 60 ವಿದ್ಯಾರ್ಥಿಗಳಿರುವ ತರಗತಿಗೆ ಪಟ್ಟಿಯ ಒಂದು ಪುಸ್ತಕದ 3 ಪ್ರತಿಗಳಿವೆ, ಎರವಲು ಅವಧಿ 15 ದಿನ, ಸೆಮಿಸ್ಟರ್ 120 ದಿನ ಎಂದಿಟ್ಟುಕೊಳ್ಳಬಹುದು. ಪ್ರತಿಯೊಂದು ಪ್ರತಿಯೂ ಒಂದು ದಿನವೂ ಕಪಾಟಿನಲ್ಲಿ ನಿಲ್ಲದಿದ್ದರೂ ಹೆಚ್ಚೆಂದರೆ 24 ಎರವಲುಗಳು ಸಾಧ್ಯ. ಒಬ್ಬೊಬ್ಬರಿಗೆ ಒಂದೇ ಬಾರಿ ದೊರೆತರೂ 36 ವಿದ್ಯಾರ್ಥಿಗಳಿಗೆ ಆ ಪುಸ್ತಕ ಸಿಗುವುದೇ ಇಲ್ಲ. ವರದಿಯಲ್ಲಿ ಮಾತ್ರ "24" ಎಂದಿರುತ್ತದೆ. ಅದನ್ನು ನೋಡಿದವರು ತರಗತಿಯ ಅರ್ಧದಷ್ಟು ವಿದ್ಯಾರ್ಥಿಗಳಿಗೂ ಆಸಕ್ತಿಯಿಲ್ಲವೆಂದು ಭಾವಿಸಬಹುದು. ದಾಸ್ತಾನು ಮುಗಿದ ದಿನ ಅಂಗಡಿಯ ಮಾರಾಟ ಶೂನ್ಯವಾಗಿರುತ್ತದೆ; ಗಿರಾಕಿ ಬರಲಿಲ್ಲವೆಂದು ಅದರ ಅರ್ಥವಲ್ಲ. ಬರಿಗೈಲಿ ಮರಳಿದವರ ಲೆಕ್ಕವು ದೊರೆಯುವುದು ಕಾಯ್ದಿರಿಸುವಿಕೆಯ ದಾಖಲೆಯಿಂದ ಮಾತ್ರ. ವಿದ್ಯಾರ್ಥಿಯು ಕೇಳಿ ಸುಮ್ಮನೆ ಹಿಂತಿರುಗಿದರೆ ಆತನ ಬೇಡಿಕೆ ಎಲ್ಲಿಯೂ ಉಳಿಯುವುದಿಲ್ಲ.

ವಿದ್ಯುನ್ಮಾನ ಸಂಪನ್ಮೂಲಗಳ ಎಣಿಕೆ ಇನ್ನೊಂದು ಬಗೆಯದು. ಪ್ರಕಾಶಕರು "ಕೌಂಟರ್" ಎಂಬ ಅಂತರರಾಷ್ಟ್ರೀಯ ಸಂಹಿತೆಗೆ ಅನುಗುಣವಾಗಿ ಬಳಕೆಯ ವರದಿ ನೀಡುತ್ತಾರೆ. ಒಬ್ಬ ಬಳಕೆದಾರರು ಒಂದೇ ಕಡತವನ್ನು 30 ಸೆಕೆಂಡುಗಳೊಳಗೆ ಮತ್ತೆ ಒತ್ತಿದರೆ ಅದನ್ನು ಒಂದೇ ಕೋರಿಕೆಯೆಂದು ಪರಿಗಣಿಸಲಾಗುತ್ತದೆ. ಪರವಾನಗಿಯಿಲ್ಲದ ಕಾರಣ ತಿರಸ್ಕೃತವಾದ ಕೋರಿಕೆಗಳೂ ಈ ವರದಿಯಲ್ಲಿ ಬರುತ್ತವೆ. ಮುದ್ರಿತ ಪುಸ್ತಕಕ್ಕೆ ಈ ಅನುಕೂಲವಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ಎನ್-ಲಿಸ್ಟ್ ಸೌಲಭ್ಯದಡಿ ನೋಂದಾಯಿತ ಕಾಲೇಜುಗಳ ವಿದ್ಯಾರ್ಥಿಗಳಿಗೆ ವೈಯಕ್ತಿಕ ಗುರುತು ಹಾಗೂ ಗುಪ್ತಪದ ನೀಡಲಾಗುತ್ತದೆ. 2025ರ ಜನವರಿ 1ರಿಂದ ಜಾರಿಗೆ ಬಂದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ಆದರೆ ಪದವಿ ತರಗತಿಯ ಪಟ್ಟಿಯಲ್ಲಿ ಹೆಚ್ಚಾಗಿ ಇರುವುದು ಪುಸ್ತಕಗಳು, ಅದರಲ್ಲಿಯೂ ಕನ್ನಡ ಪುಸ್ತಕಗಳು. ಎಣಿಸಲು ಸುಲಭವಾದದ್ದು ಒಂದು, ವಿದ್ಯಾರ್ಥಿಗೆ ಬೇಕಾದದ್ದು ಇನ್ನೊಂದು.

ಬ್ರಿಟನ್ ಮೊದಲಾದ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ತಾಲಿಸ್ ಆಸ್ಪೈರ್, ಲೆಗಾಂಟೊ ಎಂಬ ತಂತ್ರಾಂಶಗಳ ಮೂಲಕ ಪಟ್ಟಿಯನ್ನೇ ಜಾಲತಾಣದಲ್ಲಿ ಇರಿಸಿ, ಯಾವ ಶೀರ್ಷಿಕೆಯನ್ನು ಎಷ್ಟು ಬಾರಿ ತೆರೆಯಲಾಯಿತು ಎಂಬುದನ್ನು ನೇರವಾಗಿ ನೋಡಲಾಗುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ನಿರಂತರ ಸಂಪರ್ಕವಿದೆ ಎಂಬುದು ಅದರ ಹಿಂದಿನ ಊಹೆ. ಬೆಟ್ಟದ ಊರುಗಳಲ್ಲಿ ಈ ಊಹೆ ನಿಲ್ಲುವುದಿಲ್ಲ. ಸಂಪರ್ಕ ದುರ್ಬಲವಿರುವೆಡೆ ಒಬ್ಬ ವಿದ್ಯಾರ್ಥಿ ತಾಲ್ಲೂಕು ಕೇಂದ್ರದಲ್ಲಿ ಇಳಿಸಿಕೊಂಡ ಅಧ್ಯಾಯವನ್ನು ಮೊಬೈಲ್ ಮೂಲಕ ಹತ್ತು ಮಂದಿ ಓದಿದರೂ ದಾಖಲಾಗುವುದು ಒಂದೇ ಕೋರಿಕೆ. ಜೆರಾಕ್ಸ್ ಪ್ರತಿಗಳಿಗಂತೂ ಲೆಕ್ಕವೇ ಇಲ್ಲ.

ಋತುಮಾನವನ್ನೂ ಪರಿಗಣಿಸುವುದು ಸೂಕ್ತ. ಮುಂಗಾರಿನ ತಿಂಗಳುಗಳಲ್ಲಿ ಬಸ್ಸು ಹಾಗೂ ವಿದ್ಯುತ್ ಎರಡೂ ಅನಿಶ್ಚಿತ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿಯ ಸಂಚಾರವೇ ನಿಂತಿತ್ತು. ನವೆಂಬರ್‌ನಿಂದ ಕಾಫಿ ಕೊಯ್ಲು ಆರಂಭವಾದಾಗ ತೋಟದ ಕುಟುಂಬಗಳ ಮಕ್ಕಳಿಗೆ ಬಿಡುವು ಕಡಿಮೆ. ಈ ಅವಧಿಯ ಕಡಿಮೆ ಸಂಖ್ಯೆಯನ್ನು ಬಯಲುಸೀಮೆಯ ಅದೇ ತಿಂಗಳ ಸಂಖ್ಯೆಯೊಂದಿಗೆ ಹೋಲಿಸುವುದು ನ್ಯಾಯವಾಗದು. ಅದೇ ಕಾಲೇಜಿನ ಹಿಂದಿನ ವರ್ಷಗಳ ಅದೇ ತಿಂಗಳೊಂದಿಗೆ ಹೋಲಿಸತಕ್ಕದ್ದು.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು

ಪುಸ್ತಕ ದೊರೆಯದಿದ್ದಲ್ಲಿ ಕಾಯ್ದಿರಿಸುವ ಕೋರಿಕೆಯನ್ನು ಕಡ್ಡಾಯವಾಗಿ ದಾಖಲಿಸುವುದು. ಗ್ರಂಥಾಲಯದಲ್ಲಿ ಆ ಪುಸ್ತಕವೇ ಇಲ್ಲದಿದ್ದಲ್ಲಿ ಲೇಖಕರು, ಶೀರ್ಷಿಕೆ, ಪ್ರಕಾಶಕರು ಹಾಗೂ ಅದು ಯಾವ ಪತ್ರಿಕೆಯ ಪಟ್ಟಿಯಲ್ಲಿದೆ ಎಂಬುದನ್ನು ನಮೂದಿಸಿ ಗ್ರಂಥಪಾಲಕರಿಗೆ ಲಿಖಿತ ಖರೀದಿ ಸಲಹೆ ನೀಡಬಹುದು. ತರಗತಿಯ ಹಲವರು ಸಹಿ ಮಾಡಿದ ಸಲಹೆಗೆ ಹೆಚ್ಚು ತೂಕವಿರುತ್ತದೆ. ಎನ್-ಲಿಸ್ಟ್ ಗುರುತನ್ನು ಇತರರೊಂದಿಗೆ ಹಂಚಿಕೊಳ್ಳದೆ ಪ್ರತಿಯೊಬ್ಬರೂ ತಮ್ಮದನ್ನೇ ಪಡೆಯುವುದು ಸೂಕ್ತ.

ಯಾರು ಯಾವ ಪುಸ್ತಕ ಓದಿದರು ಎಂಬುದು ವೈಯಕ್ತಿಕ ಮಾಹಿತಿ. ಬಳಕೆ ವರದಿಗೆ ಶೀರ್ಷಿಕೆವಾರು ಒಟ್ಟು ಸಂಖ್ಯೆಗಳು ಸಾಕು; ಹೆಸರುಗಳ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇಂತಹ ದಾಖಲೆಗಳಿಗೂ ಸಂಬಂಧಿಸಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದೆ.

ಒಟ್ಟು ಸಂಖ್ಯೆಗಳನ್ನು ಕೇಳಲು ನಾಗರಿಕರಿಗೆ ಹಕ್ಕಿದೆ. ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಪುಸ್ತಕದ ಹೆಸರು, ಪ್ರತಿಗಳ ಸಂಖ್ಯೆ, ನಿರ್ದಿಷ್ಟ ಸೆಮಿಸ್ಟರ್‌ನ ಎರವಲು ಹಾಗೂ ಕಾಯ್ದಿರಿಸುವಿಕೆಯ ಸಂಖ್ಯೆಗಳನ್ನು ಸ್ಪಷ್ಟವಾಗಿ ಕೇಳತಕ್ಕದ್ದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅದೇ ಸಂಸ್ಥೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.