ಮುಂಬಯಿಯಲ್ಲಿ ‘ಅಣ್ಣ’

‘ಅಣ್ಣ’ ಎಂಬುದು ದ್ರಾವಿಡ ಭಾಷೆಗಳ ಪ್ರಾಚೀನ ಬಂಧುವಾಚಕ. ಮೂಲಾರ್ಥ ಹಿರಿಯ ಸಹೋದರ. ಬಸವಣ್ಣನವರ ಹೆಸರಿನಲ್ಲಿ ಅದು ಗೌರವಸೂಚಕ. ಅವಿಭಕ್ತ ಕುಟುಂಬಗಳಲ್ಲಿ ಚಿಕ್ಕಪ್ಪಂದಿರು ಕರೆಯುವುದನ್ನು ಕೇಳಿ ಎಷ್ಟೋ ಮಕ್ಕಳು ತಂದೆಯನ್ನೇ ‘ಅಣ್ಣ’ ಎಂದರು. ಮರಾಠಿಗೂ ಪದ ಸಂದಿತು: ಸ್ತ್ರೀಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು (1858–1962) ಆಪ್ತರಿಗೆ ‘ಅಣ್ಣಾ’.

ಮುಂಬಯಿಯಲ್ಲಿ ಅರ್ಥ ಮತ್ತೊಂದು ತಿರುವು ಪಡೆಯಿತು. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಭೋಜನಾಲಯಗಳು ನಗರದಲ್ಲಿ ಬೆಳೆದವು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಬಾಲಕನೂ ಗಿರಾಕಿಗಳಿಗೆ ‘ಅಣ್ಣಾ’ ಆದನು. ಊರಿನ ಮನೆಯಲ್ಲಿ ಅವನೇ ಎಲ್ಲರಿಗಿಂತ ಕಿರಿಯವನಾಗಿರಬಹುದು! ಕ್ರಮೇಣ ದಕ್ಷಿಣದವರೆಲ್ಲರಿಗೂ ಅದೇ ಹೆಸರು; ಆದರವೋ ಅಸಡ್ಡೆಯೋ ಎಂಬುದು ಕರೆಯುವವನ ಧ್ವನಿಯಿಂದಲೇ ತಿಳಿಯಬೇಕು. ಇತ್ತ ಉಪನಗರಗಳ ಕನ್ನಡ ಮನೆಗಳಲ್ಲಿ ಒಡಹುಟ್ಟಿದವನನ್ನು ‘ದಾದಾ’ ಎನ್ನುವ ಮಕ್ಕಳಿದ್ದಾರೆ. ‘ಅಣ್ಣಾ’ ಎಂದರೆ ಅವರಿಗೆ ಇಡ್ಲಿ ತಂದಿಡುವವನು.