ನನ್ನನ್ನು ಬಲ್ಲ ಇಬ್ಬರು

1979ರಲ್ಲಿ ಮಳವಳ್ಳಿಯ ನಮ್ಮ ಮನೆಗೆ ಗುಮಾಸ್ತೆ ಕೆಲಸದ ಅರ್ಜಿಯೊಂದು ಬಂತು. ಅದರಲ್ಲೊಂದು ಕಾಲಂ: ನೆಂಟರಲ್ಲದ, ಮೂರು ವರ್ಷಗಳಿಂದ ಅರ್ಜಿದಾರರನ್ನು ಬಲ್ಲ ಇಬ್ಬರು ಗಣ್ಯರ ಹೆಸರು. ಹೊರಗಿನವರ ಕಣ್ಣಿಗೆ ಬೀಳದಂತೆ ಬೆಳೆಸಿದ ಹುಡುಗಿಯನ್ನು ಯಾವ ಗಣ್ಯರು ತಾನೇ ಬಲ್ಲರು! ಅಪ್ಪ ಸುಮ್ಮನೆ ಎಲೆಗೆ ಸುಣ್ಣ ಸವರುತ್ತ ಕುಳಿತರು.

ಈ ತೊಡಕು ನಮ್ಮ ಮನೆಯದಷ್ಟೇ ಅಲ್ಲ. ಹಳೇ ಮೈಸೂರಿನಲ್ಲಿ ಸರ್ಕಾರಿ ನೌಕರಿ ಬಹುಪಾಲು ಮೊದಲೇ ಓದು ಕಲಿತ ಮನೆತನಗಳದ್ದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ, ಉಳಿದ ಸಮುದಾಯಗಳಿಗೂ ಅದರಲ್ಲಿ ಪಾಲಿರಬೇಕೆಂದಿತು. ಆಮೇಲೆ ನಮ್ಮ ಕಡೆಗೆ ನಾಲೆಯ ನೀರು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಕಚೇರಿಗಳೇನೋ ಹತ್ತಿರವಾದವು. ಆದರೆ ಕಬ್ಬಿನ ಗದ್ದೆಯಿಂದ ಬಂದವರಿಗೆ ಅದರೊಳಗೆ ಗುರುತಿನವರು ಬೇಕಲ್ಲ? ಗಂಡುಮಕ್ಕಳು ಹೇಗೋ ಹುಡುಕಿಕೊಂಡರು.

ಯಾರೋ ಹೇಳಿದರೆಂದು ಅಪ್ಪ ಮದ್ದೂರಿನ ಒಬ್ಬ ಅಧಿಕಾರಿಯ ಬಳಿ ಕರೆದೊಯ್ದರು. ಮಧ್ಯಾಹ್ನದವರೆಗೆ ನಿಲ್ಲಿಸಿ, "ನಿನ್ನನ್ನ ಇವತ್ತೇ ನೋಡ್ತಿರೋದು ಕಣಮ್ಮ. ಮೂರು ವರ್ಷದಿಂದ ಬಲ್ಲೆ ಅಂತ ಹೆಂಗೆ ಬರೀಲಿ?" ಎಂದರು. ಆ ದಿನ ಮದ್ದೂರು ವಡೆಯೂ ಗಂಟಲಲ್ಲಿ ಇಳಿಯಲಿಲ್ಲ. ನಿಲ್ಲಿಸಿದ್ದು ತಪ್ಪು; ಹೇಳಿದ ಮಾತು ಸರಿಯೆಂದು ಈಗ ಅನ್ನಿಸುತ್ತದೆ.

ನನಗೆ ಪಾಠ ಹೇಳಿದ್ದ ಹೆಡ್‌ಮಿಸ್ ಆಗ ಮಂಡ್ಯದಲ್ಲಿದ್ದರು. ಕೂರಿಸಿ, ಕಾಫಿ ಕೊಟ್ಟು, ಕೆಲಸ ಯಾವುದು, ಸಂದರ್ಶನ ಎಂದು, ಅಂಕ ಎಷ್ಟು ಎಂದೆಲ್ಲ ಕೇಳಿದರು. "ಹೆಸರು ಬರೆಯೋ ಮುಂಚೆ ಬಂದು ಕೇಳಿದೆಯಲ್ಲ, ಒಳ್ಳೇದು. ಯಾರಾದರೂ ವಿಚಾರಿಸಿದರೆ ನಾನು ತಡವರಿಸಬಾರದು ನೋಡು," ಎಂದರು. 'ಸನ್ನಡತೆಯವಳು' ಎಂಬ ಮಾಮೂಲು ಮಾತನ್ನು ಅವರು ಬರೆಯಲೇ ಇಲ್ಲ. ಎರಡು ವರ್ಷ ಶಾಲೆಯ ಪುಸ್ತಕದ ಬೀರು ನನ್ನ ವಶದಲ್ಲಿತ್ತೆಂದೂ ಒಂದು ಪುಸ್ತಕವೂ ಕಳೆಯಲಿಲ್ಲವೆಂದೂ ಬರೆದರು. ಎರಡನೆಯ ಹೆಸರು ನಾನು ಲೆಕ್ಕ ಬರೆಯುತ್ತಿದ್ದ ಮಹಿಳಾ ಸಮಾಜದ ಕಾರ್ಯದರ್ಶಿಯವರದು.

"ಇಬ್ಬರೂ ಹೆಂಗಸರೇ ಆದರಲ್ಲ, ನಡೆಯುತ್ತಾ?" ಎಂದು ಅಪ್ಪನಿಗೆ ಅಳುಕು. ಸಂದರ್ಶನದಲ್ಲಿ ಆ ಪತ್ರ ಓದಿ, ಪುಸ್ತಕ ವಾಪಸು ಕೊಡದವರನ್ನು ಏನು ಮಾಡುತ್ತಿದ್ದೆ ಎಂದು ಕೇಳಿದರು. "ಅವರ ಮನೆಗೇ ಹೋಗುತ್ತಿದ್ದೆ," ಎಂದೆ. ನಕ್ಕರು. ಕೆಲಸ ಸಿಕ್ಕಿತು.

ಪ್ರಮಾಣಪತ್ರದ ನಕಲಿಗೆ ಸ್ವಂತ ಸಹಿಯೇ ಸಾಕೆಂದು 2013ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಸೂಚಿಸಿತು. ಆದರೂ ಇಬ್ಬರು ಬಲ್ಲವರನ್ನು ಕೇಳುವ ಅರ್ಜಿಗಳು ಇನ್ನೂ ಇವೆ. ಅದನ್ನು ಹಿಡಿದು ಹುಡುಗಿಯರು ನನ್ನ ಬಳಿಗೂ ಬರುತ್ತಾರೆ. ಮೊದಲು ಕಾಫಿ ಕೊಡುತ್ತೇನೆ, ಆಮೇಲೆ ಏನೇನು ಕೆಲಸ ಮಾಡಿದ್ದೀಯ ಹೇಳು ಎನ್ನುತ್ತೇನೆ. "ಏನೂ ಇಲ್ಲ ಆಂಟಿ," ಎಂದೇ ಎಲ್ಲರೂ ಶುರುಮಾಡುವುದು.